ಇಪ್ಪತ್ಮೂರನೆಯ ಚಪ್ಪಾಳೆ

ತಪ್ಪು ಕಂಡುಹಿಡಿಯುವುದು ನನ್ನ ಸ್ವಭಾವವಲ್ಲ, ಉದ್ಯೋಗ. ಸಮವಸ್ತ್ರ ಹೊಲಿಯುವ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷಗಳಿಂದ ನಾನು ಪರೀಕ್ಷಕಿ. ಹೊಲಿಗೆ ಸೊಟ್ಟಗಾದಲ್ಲಿ, ಗುಂಡಿ ಸಡಿಲವಾದಲ್ಲಿ ಕೆಂಪು ಚೀಟಿ ಅಂಟಿಸಿ ಹಿಂದಕ್ಕೆ ಕಳಿಸುವುದು ನನ್ನ ಕೆಲಸ. ನಮ್ಮ ಯಜಮಾನರು ಮಾತ್ರ ಇದನ್ನು ಸ್ವಭಾವವೆಂದೇ ನಂಬಿಕೊಂಡಿದ್ದಾರೆ. (ಮನೆಯಲ್ಲಿ ನಾನು ಚೀಟಿ ಅಂಟಿಸುವುದಿಲ್ಲ ಎಂಬುದನ್ನು ಅವರು ಕೃತಜ್ಞತೆಯಿಂದ ನೆನೆಯಬೇಕಿತ್ತು. ನೆನೆದದ್ದು ಕಾಣೆ.)

ಅವರು ಗಡಿಯಾರ ರಿಪೇರಿ ಮಾಡುವವರು. ಅಂಗಡಿಯೆಂದರೆ ನಮ್ಮ ಮನೆಯ ಮುಂದಿನ ಕೋಣೆಯೇ. ಹದಿನೇಳು ಗಡಿಯಾರಗಳು ಹದಿನೇಳು ಅಭಿಪ್ರಾಯಗಳನ್ನು ಹೇಳುತ್ತಿರುತ್ತವೆ. ಅವುಗಳ ನಡುವೆ ಕಣ್ಣಿಗೊಂದು ಭೂತಗನ್ನಡಿ ಸಿಕ್ಕಿಸಿಕೊಂಡು, ಯಾವ ಅಭಿಪ್ರಾಯವೂ ಇಲ್ಲದೆ ಇವರು ಕೂತಿರುತ್ತಾರೆ.

ನಾನು ಶಾಲೆಗೆ ಹೋದದ್ದು ನನ್ನ ಮೂವತ್ತೆಂಟನೆಯ ವಯಸ್ಸಿನಲ್ಲಿ, ಸಂಜೆ ತರಗತಿಗೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕಾರ್ಖಾನೆ ಬಿಟ್ಟ ಮೇಲೆ ಕೈಕಾಲು ತೊಳೆದು, ಬೆನ್ನು ನೆಟ್ಟಗೆ ಮಾಡಿ ಕೂತು ಕಲಿತೆ. ವ್ಯಾಕರಣ, ಪ್ರಬಂಧ, ಗಣಿತ ಎಲ್ಲದರಲ್ಲೂ ಮೇಲ್ದರ್ಜೆ. ಒಂದರಲ್ಲಿ ಮಾತ್ರ ನಮ್ಮ ಮೇಷ್ಟ್ರು ಕೊನೆಯವರೆಗೂ ಹತ್ತಕ್ಕೆ ಆರರ ಮೇಲೆ ಏರಲಿಲ್ಲ: ಗಟ್ಟಿಯಾಗಿ ಓದುವುದರಲ್ಲಿ.

"ಒಂದಕ್ಷರ ತಪ್ಪಿಲ್ಲಮ್ಮ," ಎನ್ನುತ್ತಿದ್ದರು. "ಆದ್ರೆ ನೀವು ಓದಿದ್ರೆ ಕೋರ್ಟಿನ ನೋಟೀಸು ಬಂದ ಹಾಗಿರುತ್ತೆ. ಸ್ವಲ್ಪ ಮಾತಾಡೋ ಹಾಗೆ ಓದಿ ನೋಡೋಣ."

ಆ ಆರು ಅಂಕ ನನ್ನೊಳಗೆ ಹನ್ನೊಂದು ವರ್ಷ ಮುಳ್ಳಿನಂತೆ ಕೂತಿತ್ತು.

ಹೀಗಿರುವಾಗ ಗ್ರಂಥಾಲಯದ ಫಲಕದಲ್ಲಿ ಒಂದು ಪ್ರಕಟಣೆ ಕಂಡೆ. ಹಳೆಯ ಬರಹಗಳನ್ನು ಗಟ್ಟಿಯಾಗಿ ಓದಿ, ಧ್ವನಿಮುದ್ರಿಸಿ, ಯಾರು ಬೇಕಾದರೂ ಕೇಳುವಂತೆ ಉಚಿತವಾಗಿ ಇಡುವ ಸ್ವಯಂಸೇವಕರ ಬಳಗಕ್ಕೆ ಹತ್ತು ವರ್ಷ ತುಂಬುತ್ತಿದೆ. ಅದರ ನೆನಪಿಗೆ ನೂರು ಓದುಗಳ ಸಂಪುಟ ಬರಲಿದೆ. ಧ್ವನಿ ನೀಡಲು ಇಚ್ಛಿಸುವವರು ಬರಬಹುದು. ಅಲ್ಲಿಯೇ ನಿರ್ಧರಿಸಿದೆ. ನೂರರಲ್ಲಿ ಒಂದು ಧ್ವನಿ ನನ್ನದಾಗಬೇಕು, ಬಿಡುಗಡೆಯ ದಿನ ಮುಂದಿನ ಸಾಲಿನಲ್ಲಿ ಮೇಷ್ಟ್ರು ಕೂತಿರಬೇಕು, ಉಳಿದ ನಾಲ್ಕು ಅಂಕ ಅವರ ಬಾಯಿಂದಲೇ ಹೊರಡಬೇಕು.

ಬಳಗವನ್ನು ನಡೆಸುವವರು ಒಬ್ಬ ಹಲ್ಲಿನ ಡಾಕ್ಟ್ರಮ್ಮ. (ಇಡೀ ದಿನ ಬಾಯಿ ತೆರೆದೂ ಮಾತಾಡಲಾರದವರ ನಡುವೆ ಇರುವುದರಿಂದ ಅವರಿಗೆ ಈ ಹವ್ಯಾಸ ಹತ್ತಿರಬೇಕು.) ಅವರು ನಿಯಮಗಳನ್ನು ವಿವರಿಸಿದರು.

"ಬರೆದವರು ತೀರಿಕೊಂಡು ಬಹಳ ವರ್ಷ ಆಗಿರ್ಬೇಕು, ಹಕ್ಕುಸ್ವಾಮ್ಯ ಮುಗಿದಿರ್ಬೇಕು. ಆಗ ಅದು ಒಬ್ಬರ ಸ್ವತ್ತಲ್ಲ, ಎಲ್ಲರ ಸ್ವತ್ತು. ಓದುವಾಗ ತಪ್ಪಾದ್ರೆ ನಿಲ್ಲಿಸ್ಬೇಡಿ. ಒಂದು ಚಪ್ಪಾಳೆ ಹೊಡೆದು ಆ ವಾಕ್ಯ ಮತ್ತೆ ಓದಿ. ಕಂಪ್ಯೂಟರಿನಲ್ಲಿ ಚಪ್ಪಾಳೆ ಉದ್ದ ಗೆರೆಯಾಗಿ ಕಾಣುತ್ತೆ, ಅಲ್ಲಿ ಕತ್ತರಿಸ್ತೀವಿ. ಆಮೇಲೆ ಇನ್ನೊಬ್ಬರು ಕೇಳಿ ಪರಿಶೀಲಿಸ್ತಾರೆ."

"ಪರಿಶೀಲನೆ ಬೇಡ," ಎಂದೆ. "ಹತ್ತೊಂಬತ್ತು ವರ್ಷದಿಂದ ಪರಿಶೀಲನೆ ಮಾಡೋಳು ನಾನು."

ಒಂದೇ ಚಪ್ಪಾಳೆಯ ಪದ್ಧತಿಯೂ ನನಗೆ ಒಪ್ಪಿಗೆಯಾಗಲಿಲ್ಲ. ತಪ್ಪು ಎಲ್ಲಿ ಆರಂಭವಾಯಿತು, ಎಲ್ಲಿ ಮುಗಿಯಿತು ಎಂದು ತಿಳಿಯುವುದಾದರೂ ಹೇಗೆ? ಆವರಣ ಚಿಹ್ನೆಯನ್ನು ತೆರೆದವರು ಮುಚ್ಚಬೇಕೆಂದು ನಾನು ಸಂಜೆ ತರಗತಿಯ ಮೊದಲ ತಿಂಗಳಲ್ಲೇ ಕಲಿತವಳು. ಆದ್ದರಿಂದ ನನ್ನದೇ ಪದ್ಧತಿಯೊಂದನ್ನು ರೂಪಿಸಿದೆ: ಅಡಚಣೆ ಆರಂಭವಾದಾಗ ಒಂದು ಚಪ್ಪಾಳೆ, ಮುಗಿದಾಗ ಇನ್ನೊಂದು. ನಡುವಿನದ್ದು ಕಸ.

ಓದಲು ಆರಿಸಿಕೊಂಡದ್ದು, ಯಾವುದೋ ಕಾಲದಲ್ಲಿ ತೀರಿಕೊಂಡ ಉಪಾಧ್ಯಾಯರೊಬ್ಬರ 'ಗೃಹಶಾಂತಿ' ಎಂಬ ಪ್ರಬಂಧ. ಗಂಭೀರವಾದದ್ದು, ಒಂದು ವಾಕ್ಯವೂ ಅಂಗೈಯಗಲಕ್ಕಿಂತ ಕಡಿಮೆಯಿಲ್ಲ.

ಭಾನುವಾರ ಮಧ್ಯಾಹ್ನ ಮಲಗುವ ಕೋಣೆಯ ಬೀರುವಿನೊಳಗೆ ಬಟ್ಟೆಗಳನ್ನು ಎರಡೂ ಕಡೆಗೆ ಸರಿಸಿ, ಮಧ್ಯೆ ಮೈಕು ನಿಲ್ಲಿಸಿ, ಹೊರಗೆ ಸ್ಟೂಲು ಹಾಕಿಕೊಂಡು, ತಲೆಯನ್ನು ಒಳಗಿಟ್ಟು ಕೂತೆ. ಬಟ್ಟೆ ಸದ್ದನ್ನು ಹೀರುತ್ತದಂತೆ. ಯಜಮಾನರು ಹದಿನೇಳು ಗಡಿಯಾರಗಳನ್ನೂ ಒಂದೊಂದಾಗಿ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತರು.

"ಇನ್ನು ನಾನೊಬ್ಬ ಬಾಕಿ," ಎಂದರು.

"ನೀವೂ ನಿಂತ ಹಾಗೇ ಇರಿ. ಓದಿ ಮುಗಿದ ಮೇಲೆ ಕತ್ತರಿಸೋ ಕೆಲಸ ನಿಮ್ಮದು. ಕಂಪ್ಯೂಟರು ನಿಮಗೆ ಗೊತ್ತು, ಕೈಯೂ ಸೂಕ್ಷ್ಮ. ಒಂದನೇ ಚಪ್ಪಾಳೆಯಿಂದ ಎರಡನೇದರವರೆಗೆ ತೆಗೀರಿ. ಎರಡರಿಂದ ಮೂರು ಬಿಡಿ. ಮೂರರಿಂದ ನಾಲ್ಕು ತೆಗೀರಿ. ಕೊನೇವರೆಗೂ ಹೀಗೇ."

"ಕೇಳಿಸ್ಕೊಂಡು ಕತ್ತರಿಸ್ತೀನಿ ಬಿಡು."

"ಕೇಳೋದೇ ಬೇಡ. ಗೆರೆ ಎಣಿಸಿ ಕತ್ತರಿಸಿ. ನಿಮ್ಮ ಬುದ್ಧಿ ಇದರಲ್ಲಿ ಖರ್ಚಾಗೋದು ಬೇಡ."

"ಸರಿ, ಉಳಿಸಿ ಇಟ್ಕೋತೀನಿ," ಎಂದು ಮುಂದಿನ ಕೋಣೆಗೆ ಹೋದರು.

ಮೊದಲ ಪರಿಚ್ಛೇದವನ್ನು ನಾನು ಓದಿದ ರೀತಿಗೆ ನಾನೇ ತಲೆದೂಗಿದೆ. (ಹ್ಯಾಂಗರೊಂದು ಹಣೆಗೆ ತಗುಲಿತು.) ಆಗ ಬೀರುವಿನೊಳಗಿನ ಸೊಳ್ಳೆಯೊಂದು ಗೃಹಶಾಂತಿಯನ್ನು ಕದಡಲು ಬಂತು. ಅದನ್ನು ಅಲ್ಲಿಯೇ ಮುಗಿಸಿ, ಉಸಿರು ತಪ್ಪದೆ ಎರಡನೆಯ ಪರಿಚ್ಛೇದಕ್ಕೆ ನಡೆದೆ. ಅಲ್ಲಿಂದ ಮುಂದೆ ಯಜಮಾನರ ಕೋಣೆಯಿಂದ ಒಂದಲ್ಲ ಒಂದು ಸದ್ದು ಬರತೊಡಗಿತು. ಬಂದಾಗಲೆಲ್ಲ ಚಪ್ಪಾಳೆ ಹೊಡೆದು, ಹೇಳಬೇಕಾದ್ದನ್ನು ಹೇಳಿ, ಮತ್ತೆ ಚಪ್ಪಾಳೆ ಹೊಡೆದು, ಮೊದಲಿನ ಗಾಂಭೀರ್ಯಕ್ಕೆ ಮರಳಿದೆ. ಹನ್ನೊಂದು ಅಡಚಣೆ. ಹನ್ನೊಂದೂ ಅವರವೇ.

ಸಂಜೆ ಅವರು ಕಂಪ್ಯೂಟರಿನ ಮುಂದಿನಿಂದ ಕೂಗಿದರು. "ಬೆಸ ಬರ್ತಿದೆ ಕಣೇ. ಇಪ್ಪತ್ಮೂರು."

"ಇಪ್ಪತ್ತೆರಡು ಇರುತ್ತೆ. ಸರಿಯಾಗಿ ಎಣಿಸಿ."

"ಮೂರು ಸಲ ಎಣಿಸಿದೆ. ನೀನೊಂದು ಸಲ..."

"ನಿಮ್ಮ ಗಡಿಯಾರದಲ್ಲೂ ಪ್ರತಿ ಸಲ ಒಂದು ಸ್ಕ್ರೂ ಉಳಿಯುತ್ತೆ. ಅದನ್ನೇನ್ಮಾಡ್ತೀರಿ?"

"ಡಬ್ಬಿಗೆ ಹಾಕ್ತೀನಿ."

"ಇದನ್ನೂ ಹಾಗೇ ಮಾಡಿ. ಕೊನೇದು, ಅದರಿಂದಾಚೆ ಇರೋದು ಎಲ್ಲ ತೆಗೆದುಹಾಕಿ."

ಕತ್ತರಿಸಿ ಮುಗಿಸಿ ಮತ್ತೆ ಕೂಗಿದರು. "ತುಂಬಾ ಚಿಕ್ಕದಾಯ್ತಲ್ಲೇ?"

"ಕಸ ಹೋದ ಮೇಲೆ ಸಾರ ಅಷ್ಟೇ ಉಳಿಯೋದು."

ಅಂದೇ ಕಡೆಯ ದಿನವಾದ್ದರಿಂದ ಕೇಳಿ ನೋಡುತ್ತ ಕೂರದೆ, ಕಡತದ ಜೊತೆಗೆ ಹಸ್ತಾಕ್ಷರದಲ್ಲಿ 'ಪರಿಶೀಲಿಸಲಾಗಿದೆ, ದೋಷರಹಿತ' ಎಂದು ಬರೆದ ಚೀಟಿಯ ಚಿತ್ರವನ್ನೂ ಡಾಕ್ಟ್ರಮ್ಮನಿಗೆ ಕಳಿಸಿದೆ. ಮರುದಿನ ಅವರ ಫೋನು ಬಂತು. "ಮೊದಲ ನಿಮಿಷ ಕೇಳಿದೆ. ಎಷ್ಟು ಸ್ಪಷ್ಟ! ಸಮಾರಂಭದಲ್ಲಿ ಐದು ಓದು ಕೇಳಿಸ್ತೀವಿ, ಅದರಲ್ಲಿ ನಿಮ್ಮದೂ ಒಂದು."

ಫೋನಿಟ್ಟವಳೇ ಹೋಗಿ ಮೇಷ್ಟ್ರನ್ನು ಆಹ್ವಾನಿಸಿ ಬಂದೆ.

ಗ್ರಂಥಾಲಯದ ಸಭಾಂಗಣದಲ್ಲಿ ಎಂಬತ್ತು ಕುರ್ಚಿಗಳು ತುಂಬಿದ್ದವು. ಮೇಷ್ಟ್ರು ಮುಂದಿನ ಸಾಲಿನಲ್ಲಿ ಕೋಲಿನ ಮೇಲೆ ಎರಡೂ ಕೈಯಿಟ್ಟು ಕೂತಿದ್ದರು. ಮೊದಲ ನಾಲ್ಕು ಓದುಗಳಿಗೆ ಜನ ಸಭ್ಯವಾಗಿ ಚಪ್ಪಾಳೆ ತಟ್ಟಿದರು. ನಂತರ ನನ್ನ ಧ್ವನಿ ಹೊರಟಿತು.

"ಗೃಹವೆಂಬುದು ಮೃದುವಚನಗಳಿಂದ ಕಟ್ಟಲ್ಪಟ್ಟ ಮಂದಿರವು. ಅಲ್ಲಿ ಏರುದನಿಯೊಂದು ಗೋಡೆಯ ಬಿರುಕಿಗೆ ಸಮಾನವು. ಗೃಹಿಣಿಯು ತನ್ನ ನಾಲಿಗೆಯನ್ನು..."

ಮೇಷ್ಟ್ರ ಮುಖ ನೋಡಿದೆ. ಆರು ಅಂಕದ ಮುಖವೇ. ಇರಲಿ, ಮುಂದೆ ಇನ್ನೂ ಇದೆಯೆಂದುಕೊಂಡೆ.

ಮುಂದೆ ಇತ್ತು.

"ರೀ! ಆ ಸ್ಟೂಲನ್ನ ಎತ್ತಿಡಿ ಅಂದ್ರೆ ಎಳೀತೀರಲ್ಲ!"

"ಎತ್ತಿದ್ರೆ ಕೂತ್ಕೊಳ್ಳೋದು ಎಲ್ಲಿ?" ಎಂದು ದೂರದಿಂದ ಯಜಮಾನರ ಧ್ವನಿ.

ಸಭೆಯಲ್ಲಿ ಯಾರೋ ಕಿಸಕ್ಕೆಂದರು. ಮೃದುವಚನಗಳು ಈಗ ಮರಳುತ್ತವೆಂದು ಕಾದೆ. ಮರಳಲಿಲ್ಲ.

"ಅದೇನು, ಚಹಾ ಕುಡೀತಿದ್ದೀರೋ ಬಾವಿಯಿಂದ ನೀರು ಸೇದ್ತಿದ್ದೀರೋ? ... ಸೀನೋದಾದ್ರೆ ಬೀದಿಗೆ ಹೋಗಿ ಸೀನಿ! ... ಎಲ್ಲ ನಿಲ್ಲಿಸಿದೀನಿ ಅಂದ್ರಿ, ಈ ಅಲಾರಂ ಯಾವುದು?"

"ಅದು ಗಿರಾಕೀದು ಕಣೇ, ನಮ್ಮದಲ್ಲ."

"ಗಿರಾಕೀದು ಅಂತ ಅದಕ್ಕೆ ಬಡ್ಕೊಳ್ಳೋ ಹಕ್ಕಿದೆಯಾ? ... ಮಾತ್ರೆ ತಗೊಂಡ್ರಾ? ತಲೆ ಆಡಿಸಿದ್ರೆ ನನಗೆ ಬೀರುವಿನೊಳಗೆ ಹೇಗೆ ಕಾಣುತ್ತೆ? ಬಾಯಿಬಿಟ್ಟು ಹೇಳಿ. ಆಮೇಲೆ ಸುಮ್ಮನಿರಿ."

ಎಂಬತ್ತು ಕುರ್ಚಿಗಳೂ ಅಲುಗಾಡುತ್ತಿದ್ದವು. ನಾನು ಬೆನ್ನು ನೆಟ್ಟಗಿಟ್ಟುಕೊಂಡೆ. ಅದೊಂದೇ ನನ್ನ ಹತೋಟಿಯಲ್ಲಿತ್ತು. "ಏನ್ ಮಾಡಿದ್ರಿ?" ಎಂದು ಹಲ್ಲು ಕಚ್ಚಿ ಕೇಳಿದೆ.

"ಹೇಳಿದ್ದನ್ನೇ ಮಾಡಿದೆ. ಒಂದರಿಂದ ಎರಡು ತೆಗ್ದೆ, ಎರಡರಿಂದ ಮೂರು ಬಿಟ್ಟೆ," ಎಂದು ಇವರು ಪಿಸುಗುಟ್ಟಿದರು. ಆಮೇಲೆ ಗಡಿಯಾರದ ರೋಗ ಸಿಕ್ಕಿದಾಗ ಮಾಡುವಂತೆ ತಲೆ ಓರೆ ಮಾಡಿದರು. "ಶುರುವಲ್ಲಿ ನೀನು ಸೊಳ್ಳೆ ಹೊಡೆದ್ಯಾ?"

ಹೊಡೆದಿದ್ದೆ. ಎರಡೂ ಅಂಗೈ ಸೇರಿಸಿ ಹೊಡೆದಿದ್ದೆ. ಆ ಸೊಳ್ಳೆಯೇ ಒಂದನೆಯ ಚಪ್ಪಾಳೆಯಾಗಿ, ಅಲ್ಲಿಂದ ಮುಂದಕ್ಕೆ ಎಲ್ಲವೂ ತಿರುಗುಮುರುಗಾಗಿತ್ತು. ಪ್ರಬಂಧವೆಲ್ಲ ಕಸವಾಗಿ ಹೋಗಿತ್ತು. ಕಸವೆಲ್ಲ ಸಂಪುಟಕ್ಕೆ ಸೇರಿತ್ತು.

ಹನ್ನೊಂದನೆಯ ಅಡಚಣೆ ಕೊನೆಯದು. ಅದರಲ್ಲಿ ಯಾವ ಸದ್ದೂ ಇರಲಿಲ್ಲವೆಂಬುದು ನನಗೆ ಆಗ ನೆನಪಾಯಿತು.

"ರೀ... ಏನ್ರೀ, ಸದ್ದೇ ಇಲ್ಲ? ಇದ್ದೀರಾ?"

"ನೀನೇ ಸುಮ್ಮನಿರು ಅಂದೆಯಲ್ಲ."

"ಹಾಗಂತ ಇಷ್ಟೊಂದಾ? ಎದೆ ಝಲ್ ಅಂತು. ಆಗಾಗ ಒಂದು ಸಲ ಕೆಮ್ಮಿ."

ಅಲ್ಲಿಗೆ ಮುಗಿಯಿತು. ಸಭಾಂಗಣದಲ್ಲಿ ನಗು ನಿಂತು, ಒಂದು ಕ್ಷಣ ನಮ್ಮ ಹದಿನೇಳು ಗಡಿಯಾರ ನಿಂತಾಗಿನಂಥ ನಿಶ್ಶಬ್ದ. ಮರುಕ್ಷಣ ಚಪ್ಪಾಳೆ ಹೊರಟಿತು, ನಿಲ್ಲಲೇ ಇಲ್ಲ. ನನ್ನ ಪದ್ಧತಿಯ ಪ್ರಕಾರ ಅಷ್ಟೂ ಚಪ್ಪಾಳೆಗೆ ಅರ್ಥ ಒಂದೇ: ಅಡಚಣೆ.

ಮೇಷ್ಟ್ರು ಕೋಲೂರಿಕೊಂಡು ಬಂದರು. ಕಣ್ಣೊರೆಸಿಕೊಳ್ಳುತ್ತಿದ್ದರು. "ಇಷ್ಟು ವರ್ಷ ಹೇಳ್ತಾ ಬಂದೆನಲ್ಲಮ್ಮ, ಮಾತಾಡೋ ಹಾಗೆ ಓದಿ ಅಂತ. ಇವತ್ತು ಓದಿದ್ರಿ! ಹತ್ತಕ್ಕೆ ಹತ್ತು."

ಅದು ಓದಲ್ಲವೆಂದು ಹೇಳುವುದು ನನ್ನ ಧರ್ಮ. ಹತ್ತೊಂಬತ್ತು ವರ್ಷ ಕೆಂಪು ಚೀಟಿ ಅಂಟಿಸಿದ ಕೈ ನನ್ನದು. ಬಾಯಿ ತೆರೆದೆ. ಹತ್ತಕ್ಕೆ ಹತ್ತು ಎಂಬುದನ್ನು ಒಮ್ಮೆ ಮನಸ್ಸಿನಲ್ಲಿ ಹೇಳಿಕೊಂಡೆ. ಬಾಯಿ ಮುಚ್ಚಿದೆ.

ಡಾಕ್ಟ್ರಮ್ಮ ಒಪ್ಪಿಗೆ ಪತ್ರ ಹಿಡಿದು ಓಡಿಬಂದರು. "ಇದನ್ನೇ ಇಟ್ಕೋತೀವಿ. ಆದ್ರೆ ನಿಯಮದ ಪ್ರಕಾರ ಹಕ್ಕುಸ್ವಾಮ್ಯ ಮುಗಿದ ಬರಹ ಆಗಿರ್ಬೇಕು. ಇದನ್ನ ರಚಿಸಿದವರು ಎದುರಿಗೇ ಜೀವಂತ ನಿಂತಿದ್ದಾರಲ್ಲ!"

"ಅದಕ್ಕೇನೂ ತೊಂದರೆಯಿಲ್ಲ ಡಾಕ್ಟ್ರೇ," ಎಂದರು ನಮ್ಮ ಯಜಮಾನರು, ಉಳಿಸಿಟ್ಟುಕೊಂಡಿದ್ದ ಬುದ್ಧಿಯನ್ನೆಲ್ಲ ಒಂದೇ ಸಲ ಖರ್ಚು ಮಾಡುತ್ತ. "ಮೂವತ್ತು ವರ್ಷದಿಂದ ಇಡೀ ಬೀದಿ ಉಚಿತವಾಗಿ ಕೇಳ್ತಿದೆ. ಯಾವತ್ತೋ ಎಲ್ಲರ ಸ್ವತ್ತಾಗಿದೆ."

ಪತ್ರದಲ್ಲಿ 'ರಚನೆ' ಎಂಬಲ್ಲಿ ಒಂದು ಗೆರೆ, 'ವಾಚನ' ಎಂಬಲ್ಲಿ ಒಂದು ಗೆರೆ. ಎರಡರಲ್ಲೂ ನನ್ನ ಹೆಸರನ್ನೇ ಬರೆಯಬೇಕಾಯಿತು. ದುಂಡಗಿನ ಅಕ್ಷರದಲ್ಲಿ, ಒತ್ತಕ್ಷರ ತಪ್ಪದಂತೆ ಬರೆದು ಸಹಿ ಮಾಡುತ್ತಿದ್ದಾಗ ಕಿವಿಯ ಪಕ್ಕದಲ್ಲಿ ಟಪ್ಪೆಂದು ಒಂದೇ ಒಂದು ಚಪ್ಪಾಳೆ ಕೇಳಿಸಿತು. ಬೆಚ್ಚಿ ತಿರುಗಿದೆ. ಎರಡು ಅಂಗೈಗಳನ್ನೂ ಜೋಡಿಸಿಕೊಂಡು ಇವರು ನಿಂತಿದ್ದರು.

"ಸೊಳ್ಳೆಯೇನ್ರೀ?"

"ಅಲ್ಲ," ಎಂದರು. "ಇಪ್ಪತ್ನಾಲ್ಕು. ಈಗ ಸರಿಹೋಯ್ತು."