ತಳ ಹೊತ್ತಿದ ದೇಗ್ಚಿ

ಎಲ್ಲರ ಮನೆಯಲ್ಲೂ ಅಡುಗೆ ಮಾಡಿ ಆಮೇಲೆ ಪಾತ್ರೆ ತಿಕ್ಕುತ್ತಾರೆ. ನಮ್ಮ ಸೋದರತ್ತೆ ಪಾತ್ರೆ ತಿಕ್ಕಲೆಂದೇ ಅಡುಗೆ ಮಾಡುತ್ತಿದ್ದಳು! ಒಲೆಯ ಮೇಲೆ ಬೇಳೆ ಇಟ್ಟು ಬಾಗಿಲಿಗೆ ಬಂದವರ ಜೊತೆ ಮಾತಿಗೆ ನಿಂತರೆ, ಮಾತು ಮುಗಿಯುವುದಕ್ಕೂ ಬೇಳೆ ತಳ ಹಿಡಿಯುವುದಕ್ಕೂ ಸರಿಹೋಗುತ್ತಿತ್ತು. ಬೇರೆ ಹೆಂಗಸರು ಆಗ ಹಣೆ ಚಚ್ಚಿಕೊಳ್ಳುತ್ತಾರೆ. ಅತ್ತೆಯ ಮುಖ ಅರಳುತ್ತಿತ್ತು. ಸೆರಗು ಸಿಕ್ಕಿಸಿ, ಬೂದಿ ಬುಟ್ಟಿ ಎಳೆದುಕೊಂಡು ಅಂಗಳದ ಕಲ್ಲಿನ ಮುಂದೆ ಕೂತುಬಿಡುತ್ತಿದ್ದಳು.

ಹಸಿದು ಬಂದ ಮಾವ ಕೇಳುವರು: “ಬ್ಯಾಳಿ ಏನಾತು?”

“ಬ್ಯಾಳಿದು ಬಿಡ್ರಿ, ಭಾಂಡಿ ನೋಡ್ರಿ ಮೊದಲ! ಮುಖಾ ಕಾಣ್ತದ!”

ಮಾವ ಆ ಹೊಳೆಯುವ ತಳದಲ್ಲಿ ತಮ್ಮ ಉಪವಾಸದ ಮುಖವನ್ನು ನೋಡಿಕೊಂಡು ಕಚೇರಿಗೆ ವಾಪಸು ಹೋಗುತ್ತಿದ್ದರು.

ಅತ್ತೆಗೆ ಒಂದು ಕಾನೂನಿತ್ತು. ಪಾತ್ರೆ ಯಾರು ಹೊತ್ತಿಸಿದರೋ ಅವರೇ ತಿಕ್ಕಬೇಕು. ಬೇರೆಯವರ ಕೈಗೆ ಕೊಡುವಂತಿಲ್ಲ. ಭಾಲ್ಕಿಯಲ್ಲಿ ನಮ್ಮ ಅಣ್ಣನಿಗೆ ಹೆಣ್ಣು ನೋಡಲು ಹೋದಾಗ ಅತ್ತೆ ಪಡಸಾಲೆಯಲ್ಲಿ ಕೂರಲೇ ಇಲ್ಲ. ನೇರ ಅಡುಗೆಮನೆಗೆ ಹೋಗಿ ಬೋರಲು ಹಾಕಿದ್ದ ಬೋಗುಣಿ ಎತ್ತಿ ಒಳಗೆ ಮೂಗು ಹಾಕಿದಳು.

“ಇದನ್ನ ಯಾರು ಹೊತ್ತಸೀರಿ?”

ಹುಡುಗಿ, “ನಾನೇರಿ” ಎಂದಳು.

“ತಿಕ್ಕಿದೋರು?”

“ಅದೂ ನಾನೇರಿ.”

“ಹುಡುಗಿ ಪಸಂದ ಅದ!” ಎಂದು ಅತ್ತೆ ಒಳಗಿಂದಲೇ ಕೂಗಿದಳು. ಅಣ್ಣ ಇನ್ನೂ ಹುಡುಗಿಯ ಮುಖವನ್ನೇ ನೋಡಿರಲಿಲ್ಲ! ಆ ಹುಡುಗಿಯೇ ಈಗ ನಮ್ಮ ಅತ್ತಿಗೆ. ಆ ಬೋಗುಣಿ ತಿಕ್ಕಿದ್ದು ತನ್ನ ತಂಗಿಯೆಂದು ಆಕೆ ಈಚೆಗೆ ಹೇಳುತ್ತಾಳೆ. ಬೋಗುಣಿಯೇ ಇರಲಿಲ್ಲ, ತವೆ ಇತ್ತು ಎಂದು ಅಣ್ಣ ಹೇಳುತ್ತಾನೆ. ನಮ್ಮ ಮನೆಯ ನೆನಪುಗಳೆಲ್ಲ ಹೀಗೇ. ಆದ್ದರಿಂದ ಮುಂದಿನದನ್ನೂ ಒಂದು ಚಿಟಿಕೆ ಬೂದಿ ಹಾಕಿಕೊಂಡೇ ಓದಬೇಕು.

ಹೈದರಾಬಾದ ರಾಜ್ಯ ಒಡೆದು ಬೀದರ ಮೈಸೂರು ರಾಜ್ಯಕ್ಕೆ ಸೇರಿದಾಗ ನಾನು ಅಲ್ಲಿನ ಚಿದ್ರಿಯ ಅತ್ತೆ ಮನೆಯಲ್ಲಿದ್ದುಕೊಂಡು ಒಂದು ಕಚೇರಿಯಲ್ಲಿ ಕಾರಕೂನನಾಗಿದ್ದೆ. ಸೇರಿದ ದಿನ ಓಣಿಯವರೆಲ್ಲ ಕೂಡಿ ಗೋಧಿ ಹುಗ್ಗಿ ಮಾಡಬೇಕೆಂದಾಯಿತು. ಒಲೆಯ ಮುಂದೆ ನಮ್ಮ ಅತ್ತೆಯನ್ನು ಕೂರಿಸುವ ಬುದ್ಧಿ ಯಾರದೋ! ಇಂದಿಗೂ ಒಬ್ಬರೂ ಒಪ್ಪಿಕೊಂಡಿಲ್ಲ. ಅಷ್ಟು ದೊಡ್ಡ ಪಾತ್ರೆ ಇದ್ದದ್ದು ಪಕ್ಕದ ಮುಸಲ್ಮಾನರ ಮನೆಯ, ನಾವೆಲ್ಲ ಚಿಕ್ಕಮ್ಮನೆಂಬಂತೆ ‘ಖಾಲಾ’ ಎನ್ನುತ್ತಿದ್ದ ಹೆಂಗಸಿನ ಹತ್ತಿರ. ಅದು ಆಕೆಯ ತಾಯಿ ಕೊಟ್ಟ ತಾಮ್ರದ ದೇಗ್ಚಿ. ಒಳಗೆ ಬೆಳ್ಳಗೆ ತವರದ ಕಲಾಯಿ. ಹಬ್ಬದ ಖೀರು ಬಿಟ್ಟು ಅದರಲ್ಲಿ ಬೇರೇನೂ ಬೇಯುತ್ತಿರಲಿಲ್ಲ. ಮಾವ ಸ್ವಲ್ಪ ಹುಬ್ಬೇರಿಸಿದರು. “ಬಸವಣ್ಣನ ಹೆಸರು ಹೇಳ್ತೀರಿ, ಭಾಂಡಿಗಿ ಜಾತಿ ಕೇಳ್ತೀರಿ” ಎಂದು ಅತ್ತೆ ಅಂದದ್ದೇ ಹುಬ್ಬು ಇಳಿಯಿತು.

ಖಾಲಾ ಮತ್ತು ಅತ್ತೆಯ ನಡುವೆ ಇದ್ದದ್ದು ಒಂದು ಮೋಟುಗೋಡೆ. ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಅದರ ಆಚೆ ಈಚೆ ನಿಂತು ಮಾತಾಡಿ, ಗೋಡೆಯ ಮೇಲೆ ಮೊಣಕೈ ಊರುವ ಜಾಗದಲ್ಲಿ ಕೆಮ್ಮಣ್ಣು ಸವೆದು ಗುಳಿ ಬಿದ್ದಿತ್ತು. ಅತ್ತೆಯ ಮನೆಯ ಬೇಳೆಗಳಲ್ಲಿ ಹೆಚ್ಚಿನವು ಸುಟ್ಟದ್ದು ಆ ಗುಳಿಯ ದೆಸೆಯಿಂದ. ಅಂದೂ ಖಾಲಾ ಒಲೆಯ ಹತ್ತಿರ ಬಂದು ಕೂತಳು.

“ಅಕ್ಕಾ, ಒಂದು ಮಾತು ಹೇಳಬೇಕಾಗಿತ್ತು. ಮಗನ ದಫ್ತರ ಹೈದರಾಬಾದಿಗೇ ಉಳೀತು. ಮುಂದಿನ ವಾರ ಜುಮ್ಮಾ ನಮಾಜ ಆದ ಮ್ಯಾಲ ನಾವು ಹೊಂಟೇವಿ.”

“ಯಾವಾಗ ಬರ್ತೀರಿ?”

“ಮನಿ ಖಾಲಿ ಮಾಡ್ಕೊಂಡು ಹೊಂಟೇವಿ, ಅಕ್ಕಾ.”

ಅತ್ತೆಯ ಕೈಯ ಸೌಟು ನಿಂತಿತು. ಬೆಲ್ಲ ಹಾಕಿದ ಹುಗ್ಗಿ ಸೌಟು ನಿಂತರೆ ಸುಮ್ಮನಿರುತ್ತದೆಯೇ? ಓಣಿಯ ತುದಿಯವರೆಗೂ ವಾಸನೆ ಹೋಯಿತು. ಬೀದರ ಯಾವ ರಾಜ್ಯಕ್ಕೆ ಸೇರಿತೋ, ಹುಗ್ಗಿಯಂತೂ ದೇಗ್ಚಿಗೆ ಸೇರಿಕೊಂಡಿತು!

ಬೆಲ್ಲ ಸುಟ್ಟ ಪಾತ್ರೆಯನ್ನು ತಿಕ್ಕುವುದಕ್ಕೆ ಕ್ರಮವಿದೆ. ನೀರು ಹಾಕಿ ನೆನೆಯಿಡಬೇಕು. ಸೋಡಾ ಹಾಕಿ ಕುದಿಸಬೇಕು. ಕರಿ ತಾನಾಗಿ ಬಿಡುವವರೆಗೆ ಕಾಯಬೇಕು. ಕಾಯುವುದರಲ್ಲಿ ಅತ್ತೆಯನ್ನು ಮೀರಿಸುವವರಿರಲಿಲ್ಲ. ಆ ಸಲ ಮಾತ್ರ ಕಾಯಲಿಲ್ಲ. ಇಟ್ಟಿಗೆ ಪುಡಿ ಹಾಕಿ, ಹಲ್ಲು ಕಚ್ಚಿಕೊಂಡು, ಯಾರ ಮೇಲಿನ ಸಿಟ್ಟೋ ಎಂಬಂತೆ ತಿಕ್ಕಿದಳು. ಕರಿ ಹೋಯಿತು. ಕರಿಯ ಹಿಂದೆ ಕಲಾಯಿಯೂ ಹೋಯಿತು! ಬೆಳ್ಳಗಿರಬೇಕಾದ ದೇಗ್ಚಿಯೊಳಗೆ ತಾಮ್ರ ಕೆಂಪಗೆ ನಗುತ್ತಿತ್ತು. ಕಲಾಯಿ ಇಲ್ಲದ ತಾಮ್ರದಲ್ಲಿ ಯಾರು ಅಡುಗೆ ಮಾಡಿಯಾರು? ಕಿಲುಬು ಹೊಟ್ಟೆಗೆ ಹೋಗುತ್ತದೆ.

“ಖಾಲಾಗ ಹ್ಯಾಂಗ ಮುಖಾ ತೋರಿಸ್ಲಿ? ಆಕಿ ತಾಯಿದು ಅದು. ಜುಮ್ಮಾದೊಳಗ ಕಲಾಯಿ ಆಗಬೇಕು” ಎಂದಳು.

ಕಲಾಯಿಯವನು ಔರಾದ ಕಡೆಯ ಹಳ್ಳಿ ತಿರುಗಲು ಹೋಗಿದ್ದ. ಅವನನ್ನು ಹುಡುಕಲು ನಾನು ರಜೆ ಹಾಕಬೇಕಾಯಿತು. ಹೊಸದಾಗಿ ಮೈಸೂರು ಕಡೆಯಿಂದ ಬಂದಿದ್ದ ಸಾಹೇಬರು ಕನ್ನಡಕ ಸರಿಮಾಡಿಕೊಂಡು ಕಾರಣ ಕೇಳಿದರು. “ಅತ್ತೀದು ದೇಗ್ಚಿ ಹೊತ್ಯದ್ರಿ” ಎಂದೆ. ಬೈಯುತ್ತಾರೆಂದುಕೊಂಡರೆ ದನಿ ತಗ್ಗಿಸಿ, “ನಮ್ಮ ಮನೇಲೂ ಒಂದು ಸೀದು ಕೂತಿದೆ ಕಣ್ರೀ, ಅದನ್ನೂ ತಗೊಂಡು ಹೋಗ್ತೀರಾ?” ಎಂದರು. ಎರಡು ಸೀಮೆ ಒಂದಾದದ್ದು ಕಚೇರಿಯ ಬೋರ್ಡು ಬದಲಾದಾಗಲ್ಲ. ನನ್ನ ಮಟ್ಟಿಗೆ ಆ ಗಳಿಗೆಯಲ್ಲಿ!

ಔರಾದದ ಬಸ್ಸಿನಲ್ಲಿ ಅತ್ತೆ ದೇಗ್ಚಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಸಾಹೇಬರ ಪಾತ್ರೆ ನನ್ನ ತೊಡೆಯ ಮೇಲೆ.

ಕಂಡಕ್ಟರ್ ಬಂದ. “ಅಮ್ಮಾ, ಭಾಂಡಿ ಬಸ್ಸಿನ ಟಪ್ಪಿನ ಮ್ಯಾಲ ಇಡ್ರಿ.”

“ನಿನ್ನ ತಾಯಿಗಿ ಟಪ್ಪಿನ ಮ್ಯಾಲ ಕೂಡಸ್ತೀಯೇನೋ?”

“ತಾಯಿ ಆದ್ರ ಟಿಕೀಟ ತಗೋರಿ ಮತ್ತ!”

ಬಸ್ಸೆಲ್ಲ ನಕ್ಕಿತು. ಅತ್ತೆ ನಗಲಿಲ್ಲ.

ಎಕಂಬಾದಲ್ಲಿ ಕೇಳಿದರೆ, ಕಲಾಯಿಯವನು ಡಾಬಕಾಕ್ಕೆ ಹೋದನೆಂದರು. ಡಾಬಕಾದ ಬೇವಿನ ಮರದ ಕೆಳಗೆ ಕಡೆಗೂ ಸಿಕ್ಕಿದ. ದೇಗ್ಚಿಯೊಳಗೆ ಇಣುಕಿ, ಅತ್ತೆಯನ್ನು ನೋಡಿ, ಮತ್ತೆ ಇಣುಕಿದ.

“ಅಮ್ಮಾ, ಇದನ್ನ ತಿಕ್ಕೀರೋ, ಕೆತ್ತೀರೋ?”

“ಬಾಯಿ ಮುಚ್ಕೊಂಡು ತಿದಿ ಒತ್ತು.”

ತಿದಿ ಒತ್ತಿದ, ನವಸಾಗರದ ಪುಡಿ ಉದುರಿಸಿದ, ಹೊಗೆ ಎದ್ದಿತು, ತವರ ತಾಗಿಸಿ ಅರಳೆಯಿಂದ ಒರೆಸಿದ್ದೇ ದೇಗ್ಚಿ ಬೆಳದಿಂಗಳಾಯಿತು. ಹೊಗೆಗೆ ಅತ್ತೆಯ ಕಣ್ಣಲ್ಲಿ ನೀರು. ಹೊಗೆಗೇ ಇರಬೇಕು.

ಶುಕ್ರವಾರ ಖಾಲಾನ ಮನೆಯ ಮುಂದೆ ಲಾರಿ ನಿಂತಿತ್ತು. ಹೊಸ ಕಲಾಯಿ ಕಂಡು ಖಾಲಾ ದೇಗ್ಚಿಯನ್ನು ಎದೆಗೆ ಅವಚಿಕೊಂಡಳು. ಕೊಡುವುದಾಯಿತು, ಮುಗಿಯಬೇಕಿತ್ತು. ಆದರೆ ನಮ್ಮ ಕಡೆ ಇಸಿದುಕೊಂಡ ಪಾತ್ರೆಯನ್ನು ಬರಿದಾಗಿ ವಾಪಸು ಕೊಡುವ ಪದ್ಧತಿಯಿಲ್ಲ. ಒಂದು ಹಿಡಿ ಅಕ್ಕಿಯೋ ಬೆಲ್ಲವೋ ಹಾಕಿದರೆ ಸಾಕು. ಅತ್ತೆ ಮಾತ್ರ, “ಖೀರು ಮಾಡಿ ಕೊಡ್ತೇನಿ” ಎಂದು ಹಾಲು, ಶಾವಿಗೆ ತಂದು, ಖಾಲಿಯಾದ ಆ ಅಡುಗೆಮನೆಯ ಒಲೆಗೆ ದೇಗ್ಚಿಯನ್ನು ಏರಿಸಿಯೇಬಿಟ್ಟಳು. ಲಾರಿಯವನು ಹಾರ್ನ್ ಹೊಡೆಯುತ್ತಲೇ ಇದ್ದ. ಇಬ್ಬರೂ ಒಲೆಯ ಮುಂದೆ ಕೂತು ಮಾತಾಡುತ್ತಲೇ ಇದ್ದರು.

ಹಾಲು ಸೀಯುವ ವಾಸನೆ ಲಾರಿಯ ಹತ್ತಿರ ನಿಂತಿದ್ದ ನನಗೆ ಬಂತು. ಒಲೆಯ ಪಕ್ಕದಲ್ಲೇ ಇದ್ದ ಅತ್ತೆಗೆ ಬರಲಿಲ್ಲ! ಅಂದು ಅತ್ತೆಗೆ ನೆಗಡಿಯಾಗಿತ್ತೆಂದು ಮಾವ ಹೇಳುತ್ತಿದ್ದರು. ಅತ್ತೆಗೆ ನೆಗಡಿಯಾದದ್ದು ನನಗೆ ನೆನಪಿಲ್ಲ. ನನ್ನ ನೆನಪನ್ನು ನಂಬಬೇಕೆಂದೂ ಇಲ್ಲ.

ಹೊತ್ತದೆ ಉಳಿದ ಖೀರನ್ನು ಓಣಿಯ ಮಕ್ಕಳಿಗೆ ಹಂಚಿದ ಮೇಲೆ ಅತ್ತೆ ಬೂದಿಗೆ ಕೈ ಹಾಕಿದಳು. ಖಾಲಾ ಆ ಕೈ ಹಿಡಿದುಕೊಂಡಳು.

“ಇರಲಿ ಬಿಡ್ರಿ, ಅಕ್ಕಾ. ಹಾಂಗೇ ಒಯ್ತೇನಿ.”

“ಹೊತ್ತಿದ ಭಾಂಡಿ ಒಯ್ತೀರೇನ್ರಿ? ಅಲ್ಲಿ ಯಾರು ತಿಕ್ತಾರ?”

“ಹೊತ್ತಸಿದೋರು ಬಂದು ತಿಕ್ತಾರ. ಕಾನೂನು ನಿಮ್ದೇ ಅಲ್ಲೇನ್ರಿ?”

ಲಾರಿ ಹೋಯಿತು. ಬೀದರ ದಾಟಿ ಹೊಸ ಊರು ನೋಡುವ ಮನಸ್ಸೇ ಇರದಿದ್ದ ನಮ್ಮ ಅತ್ತೆ, ಸುಗ್ಗಿ ಮುಗಿದದ್ದೇ ರೈಲು ಹತ್ತಿದಳು. ಕೈಯಲ್ಲಿ ನಮ್ಮ ಒಲೆಯ ಬೂದಿಯ ಗಂಟು.

“ಅತ್ತೀ, ಹೈದರಾಬಾದಿನಾಗ ಬೂದಿ ಸಿಗೂದಿಲ್ಲೇನು?”

“ಆ ಬೂದಿ ಗುಣಾ ನನಗೇನು ಗೊತ್ತದ?”

ದೇಗ್ಚಿಯನ್ನು ಖಾಲಾ ಹಾಗೇ ತೆಗೆದಿಟ್ಟಿದ್ದಳಂತೆ. ಮನೆಯವರು ಎಷ್ಟು ಬೈದರೂ ನೀರು ಸೋಕಿಸಿರಲಿಲ್ಲವಂತೆ. ಅತ್ತೆ ವಾಪಸು ಬಂದಾಗ ಟೇಶನ್ನಿನಲ್ಲೇ ಕೇಳಿದೆ:

“ಸ್ವಚ್ಛ ಆತೇನು?”

ಒಂದು ಪಾತ್ರೆಯನ್ನೂ ಕರಿ ಉಳಿಸಿ ಎದ್ದವಳಲ್ಲ ನಮ್ಮ ಅತ್ತೆ. ನನ್ನ ಕಡೆ ನೋಡದೆ, ಖಾಲಿ ಬೂದಿಬಟ್ಟೆಯನ್ನು ಜೋಪಾನವಾಗಿ ಮಡಚುತ್ತ ಅಂದಳು:

“ಅರ್ಧಾ ಆಗ್ಯದ. ಉಳಿದದ್ದು ಮುಂದಿನ ವರ್ಷ.”