ನಮ್ಮತ್ತಿ ಮೋಡೆಮ್ ಮುಟ್ಟಿದ್ದು

ಬೆಂಗಳೂರಿನ ಯಾವುದೋ ಕಾಲ್ ಸೆಂಟರಿನ್ಯಾಗ ಕಡಿಮಿ ಅಂದ್ರೂ ನಾಕ ಮಂದಿ ನಮ್ಮತ್ತಿ ಕಾಟಕ್ಕ ನೌಕರಿ ಬಿಟ್ಟಾರ ಅಂತ ನನ್ನ ಗಟ್ಟಿ ನಂಬಿಕಿ. ಸಾಕ್ಷಿ ಕೇಳಬ್ಯಾಡ್ರಿ. ನೀವು ಒಮ್ಮೆ ಆಕಿ ಜೋಡಿ ಫೋನಿನ್ಯಾಗ ಮಾತಾಡಿದ್ದರ ಕೇಳತಿದ್ದಿಲ್ಲ!

ಅತ್ತಿ ಅಂದ್ರ ನಮ್ಮಪ್ಪನ ಅಕ್ಕ. ರಾಮದುರ್ಗದಾಗ ಮನ್ಯಾಗ ಕುಂತು ಸೀರಿ ಮ್ಯಾಲಿನ ಜಂಪರ್ ಹೊಲಿಯಾಕಿ. ಆಕಿ ಸ್ವಭಾವ ಏನಂದ್ರ, ತಪ್ಪು ಯಾವತ್ತೂ ಎದುರಿನವರದು. ಜಂಪರ್ ಬಿಗಿ ಆಗೇತಿ ಅಂತ ಯಾರರೆ ಬಂದ್ರ, "ನಾ ಹೊಲದದ್ದು ಬರೋಬ್ಬರಿ ಐತಿ, ನೀ ಎಂಟ ದಿನಾ ಹೋಳಿಗಿ ತಿನ್ನೂದ ಬಿಡು" ಅಂತಿದ್ಲು. ಪಾಪ, ಅವರೂ ಅದನ್ನಽ ತಗೊಂಡು ಹೋಗತಿದ್ರು.

ನಾ ಸಾಲಹಳ್ಳಿಯಿಂದ ಬಂದು ಆಕಿ ಮನ್ಯಾಗ ಇದ್ದೆ. ಸಾಲಿ ಮಾಸ್ತರಿಕಿ ಅರ್ಜಿ ಇಂಟರ್ನೆಟ್ಟಿನ್ಯಾಗ ತುಂಬಬೇಕು ಅಂತ ಆಗಿನ್ನೂ ಹೊಸದಾಗಿ ಸುರುವಾಗಿತ್ತು. ನನಗೋ ವಯಸ್ಸಿನ ಮಿತಿ ಮುಗಿಯಾಕ ಬಂದಿತ್ತು. ಈ ಸಲ ತಪ್ಪಿದ್ರ ಮುಗೀತು, ಮತ್ತ ಅರ್ಜಿ ಹಾಕೂ ಹಂಗಽ ಇಲ್ಲ. ಅದಕ್ಕಂತಽ ಅತ್ತಿ ಹಟಾ ಹಿಡದು ಮನಿಗೆ ಇಂಟರ್ನೆಟ್ ಹಾಕಿಸಿದ್ಲು. ಕಡೀ ತಾರೀಖಿಗೆ ಇನ್ನ ಐದ ದಿನ ಐತಿ ಅನ್ನೂದ್ರಾಗ ಅದು ಹೋತು! ಫೋನ್ ಮಾತ್ರ ಚಲೋ ಇತ್ತು. ಬೈಯಾಕ ಅನುಕೂಲ ಆಗ್ಲಿ ಅಂತೋ ಏನೋ!

"ಸೈಬರಿಗೆ ಹೋಗಿ ತುಂಬಿ ಬರತೇನತ್ತಿ" ಅಂದೆ.

"ವೈರ್ ಎಳದಾವರು ಸರಿ ಮಾಡಬೇಕು. ನಾವು ಸೈಬರಿಗೆ ಹೋದ್ರ ಅವರು ಗೆದ್ದಂಗ. ಕುಂತ್ಕೋ!"

ಕುಂತೆ. ಆಕಿ ಮುಂದ ನಿಂತವರು ಯಾರದಾರ?

ಕಾಲ್ ಸೆಂಟರಿಗೆ ಫೋನ್ ಹಚ್ಚಿದ್ಲು.

"ಮೋಡೆಮ್ ಒಮ್ಮೆ ಆಫ್ ಮಾಡಿ ಆನ್ ಮಾಡಿ ಮೇಡಂ."

"ಹನ್ನೊಂದ ಸಲ ಮಾಡೇನಿ ತಮ್ಮಾ. ನೀ ಎಲ್ಲಿ ಕುಂತು ಮಾತಾಡಾಕತ್ತಿ?"

"ಬೆಂಗಳೂರು ಮೇಡಂ."

"ಅಲ್ಲಿ ಕುಂತ್ರ ನಮ್ಮ ಓಣಿ ಕಂಬದ ವೈರ್ ನಿನಗ ಹೆಂಗ ಕಾಣತೈತಿ?"

"ನಮ್ಮ ಸಿಸ್ಟಮ್‌ನಲ್ಲಿ ನಿಮ್ಮ ಲೈನ್ ಸರಿಯಾಗಿದೆ ಅಂತ ತೋರಿಸ್ತಿದೆ ಮೇಡಂ."

"ಹೌದಾ? ಹಂಗಾದ್ರ ನನ್ನ ಮೊಣಕಾಲ ಬ್ಯಾನಿ ಕಡಿಮಿ ಆಗೇತೇನು, ಅದನ್ನೂ ಸ್ವಲ್ಪ ನೋಡಿ ಹೇಳು!"

ಫೋನ್ ಕಟ್ಟಾತು. ಮತ್ತ ಹಚ್ಚಿದ್ರ ಹೊಸಾಬ ಒಬ್ಬ, "ನಿಮ್ಮ ಸಮಸ್ಯೆ ಏನು ಮೇಡಂ?" ಅಂತ ಮೊದಲಿಂದ ಸುರು. ಅತ್ತೀನೂ ಮೊದಲಿಂದ ಸುರು ಮಾಡಿದ್ಲು, "ಅವತ್ತ ಮುಂಜಾನಿ ನಾ ರೊಟ್ಟಿಗೆ ಹಿಟ್ಟ ನಾದಾಕತ್ತಿದ್ದೆ ನೋಡು..." ಮರುದಿನ ಅವರಽ ಫೋನ್ ಮಾಡಿ, ನಿಮ್ಮ ದೂರು ಪರಿಹಾರ ಆಗಿದೆ ಅಂದ್ರು. "ಯಾರ ಮಾಡಿದ್ರು? ಹೆಸರ ಹೇಳ್ರಿ, ಕರದು ಚಹಾ ಕುಡಸೂದೈತಿ!" ಅಂದ್ಲು ಅತ್ತಿ.

ಮೂರನೇ ದಿನ ಹೊಲಿಗಿ ಚೀಲಾ ಹಿಡಕೊಂಡು ಕಂಪನಿಯವರ ಊರಾಗಿನ ಆಫೀಸಿಗೆ ಹೋಗಿ ಕುರ್ಚಿ ಹಾಕ್ಕೊಂಡು ಕುಂತಽಬಿಟ್ಲು. "ಇಂಟರ್ನೆಟ್ ಬರೂತನಾ ಏಳಂಗಿಲ್ರಿ ಸಾಹೇಬ್ರ." ಸಾಹೇಬ್ರು ಲೈನ್‌ಮನ್ನನ್ನ ಕಳಿಸಿದ್ರು. ಆಂವ ನಮ್ಮ ಓಣಿಗೆ ಬಂದು, ಕಂಬಾ ನೋಡಿ, ಆಕಾಶ ನೋಡಿ, "ಮ್ಯಾಲಿಂದ ಬರಬೇಕ್ರಿ" ಅಂತ ಹೇಳಿ ಹೋದ. ಮ್ಯಾಲಿಂದ ಅಂದ್ರ ಬೆಳಗಾವಿಯಿಂದೋ, ದೇವರಿಂದೋ? ಸಂಜೀತನಾ ಅತ್ತಿ ಅಲ್ಲಿ ನಾಕ ಜಂಪರಿಗೆ ಹುಕ್ ಹಚ್ಚಿದ್ಲು, ಸಾಹೇಬ್ರ ಅಂಗಿಗೆ ಕಿತ್ತುಹೋಗಿದ್ದ ಗುಂಡೀನೂ ಹಚ್ಚಿಕೊಟ್ಲು. ಇಂಟರ್ನೆಟ್ ಮಾತ್ರ ಬರಲಿಲ್ಲ!

ನಾಕನೇ ದಿನ ಸಂಜೀಕ ನಾ ಅತ್ತಿಗೆ ಹೇಳದ ಸೈಬರಿಗೆ ಓಡಿದೆ. ಸೈಬರಿನಾಂವ ಕಂಪ್ಯೂಟರ್ ಎಲ್ಲಾ ಬಿಚ್ಚಿ ಅರಿವಿಲೆ ಒರಸಾಕತ್ತಿದ್ದ. "ನಾಳೆ ದಸರಾದ ಖಂಡೇ ಪೂಜಿ ಅಲ್ರಿ ಅಕ್ಕಾರ. ಪೂಜಿ ಮಾಡಿದ ಮಷಿನ್ ಮುಟ್ಟಂಗಿಲ್ಲ. ನಾಡದ ಬರ್ರಿ." ಇನ್ನೊಂದ ಸೈಬರ್ ಆಗ್ಲೇ ಬಾಗಲಾ ಹಾಕಿತ್ತು. ನಾಳೆ ಕಡೀ ದಿನ, ನಾಡದ ನನ್ನ ಅರ್ಜಿ ಯಾರ ತಗೋತಾರ? ಮನಿಗೆ ಬಂದು ಅತ್ತಿ ಮ್ಯಾಲೆ ಹರಿಹಾಯ್ದೆ. "ನಿನ್ನ ಹಟದಾಗ ನನ್ನ ನೌಕರಿ ಹೋತು!" ಅಂದೆ. ಅತ್ತಿ ಎದ್ದು ನಾಳಿನ ಪೂಜಿಗೆ ಹೊಲಿಗಿ ಮಷಿನ್ ಒರಸಾಕ ಹತ್ತಿದ್ಲು.

ಖಂಡೇ ಪೂಜಿ ಅಂದ್ರ ಅತ್ತಿಗೆ ಅಗದೀ ಕಟ್ಟುನಿಟ್ಟು. ದುಡಿಯೂ ಸಾಮಾನಿಗೂ ಒಂದ ದಿನಾ ಸೂಟಿ ಬೇಕು, ಬನ್ನಿ ಕೊಡೂತನಾ ಕೈ ಹಚ್ಚಿದ್ರ ಪಾಪ ಅಂತಿದ್ಲು. ಒಂದ ವರ್ಷ ಮದುವಿ ಹೆಣ್ಣಽ ಬಂದು ಅತ್ರೂ ಸೂಜಿ ಮುಟ್ಟಿದ್ದಿಲ್ಲ! ಅವತ್ತೂ ಮುಂಜಾನೆ ಎದ್ದು ಹೊಲಿಗಿ ಮಷಿನ್, ಕತ್ತರಿ, ಈಳಗಿ, ಕಂಪ್ಯೂಟರ್, ಮೋಡೆಮ್ ಎಲ್ಲಾ ಸಾಲಾಗಿಟ್ಟು ವಿಭೂತಿ ಬಳದು, ಕುಂಕುಮ ಹಚ್ಚಿ, ಸೇವಂತಿಗಿ ಏರಿಸಿ, ಕಾಯಿ ಒಡದ್ಲು. ಕೆಟ್ಟ ಮೋಡೆಮ್ಮಿಗೆ ಎರಡ ಹೂ ಜಾಸ್ತೀನಽ ಬಿದ್ದಿದ್ವು.

ಮಧ್ಯಾಹ್ನ ಫೋನ್ ಬಂತು. ಕಾಲ್ ಸೆಂಟರಿನ ಹುಡುಗಿ. "ಲೈನ್ ಈಗ ರಿಪೇರಿ ಆಗಿದೆ ಮೇಡಂ. ಮೋಡೆಮ್ ಒಮ್ಮೆ ಆಫ್ ಮಾಡಿ ಆನ್ ಮಾಡಿ, ಸಾಕು."

ನಾಕ ದಿನಾ ಬಿಟ್ಟು ಇವತ್ತಽ ಬರಬೇಕಾ ಇದು! ಅತ್ತಿ ಫೋನ್ ಇಟ್ಟು ಪೂಜಿ ಮುಂದ ನಿಂತ್ಲು. ನನಗ ಆಕಿ ಮುಖಾ ನೋಡಾಕ ಆಗಲಿಲ್ಲ. "ಇರಲಿ ಬಿಡತ್ತಿ, ನನ್ನ ಹಣ್ಯಾಗ ಬರದಿಲ್ಲ" ಅಂದೆ.

"ಹಣೀಬರಾ ಅಂತ ಹಣೀಬರಾ! ಸೈಬರಿಗೆ ಬ್ಯಾಡ ಅಂದಾಕಿ ನಾ. ತಪ್ಪು ನನ್ನದು" ಅಂದ್ಲು. ತಪ್ಪು ನನ್ನದು! ಅತ್ತಿ ಬಾಯಾಗ ಆ ಮಾತು ಬರತೈತಿ ಅಂತ ನನಗ ಗೊತ್ತಽ ಇದ್ದಿಲ್ಲ.

ನಾ ಮೋಡೆಮ್ಮಿಗೆ ಕೈ ಚಾಚಿದೆ. ಅತ್ತಿ ನನ್ನ ಕೈ ಸರಿಸಿದ್ಲು. "ನೀ ಮುಟ್ಟಬ್ಯಾಡ. ಮೊದಲ ಮುಟ್ಟಿದಾಕಿಗೆ ಪಾಪ. ಅದು ನನಗ ಹತ್ತಲಿ, ನೌಕರಿ ನಿನಗ ಹತ್ತಲಿ." ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ, ಹೂ ತಗದು, ಮೋಡೆಮ್ಮಿನ ಗುಂಡಿ ಒತ್ತಿದ್ಲು. ಕಂಪ್ಯೂಟರಿನ ಗುಂಡೀನೂ ಆಕೀನಽ ಒತ್ತಿದ್ಲು. ಕೀಬೋರ್ಡ್ ಮ್ಯಾಲಿನ ಕುಂಕುಮ ತನ್ನ ಸೆರಗಿಲೆ ಒರಸಿ ನನ್ನ ಮುಂದ ಸರಿಸಿದ್ಲು.

ಮೋಡೆಮ್ಮಿನ ದೀಪಾ ಹಸರ ಆತು. ನನಗ ಅಕ್ಷರಽ ಕಾಣವಲ್ದು, ಕಣ್ಣತುಂಬ ನೀರು.

"ಅಳೂದ ಆಮ್ಯಾಲೆ ಅಳು, ಲಗೂ ತುಂಬು!" ಅಂತ ನನ್ನ ಬೆನ್ನ ಮ್ಯಾಲೆ ಕೈ ಇಟ್ಟು ಬೈದ್ಲು. ಅರ್ಜಿ ಹೋಗೂತನಾ ಆ ಕೈ ತಗೀಲಿಲ್ಲ.