ಬಸ್ ನಿಲ್ದಾಣದ ಗೋಡೆಯ ಮೇಲಿನ ಮುತ್ಯಾ

ಕನ್ನಡಿ ನೋಡಿಕೊಂಡು ತನ್ನ ಮುಖ ತನಗೆ ಗೊತ್ತೆಂದು ತಿಳಿದವನು ಹುಂಬ. ಎಪ್ಪತ್ತು ದಾಟುವವರೆಗೆ ನಾನೂ ಅಂಥ ಹುಂಬನೇ ಆಗಿದ್ದೆ. ನಮ್ಮ ಮನೆಯ ಕನ್ನಡಿ ಅಂಗೈ ಅಗಲದ್ದು. ಅದರಲ್ಲಿ ಮೀಸೆ ಕಂಡರೆ ಕಣ್ಣು ಕಾಣುವುದಿಲ್ಲ, ಕಣ್ಣು ಕಂಡರೆ ರುಮಾಲು ಕಾಣುವುದಿಲ್ಲ. ಹೀಗೆ ಕಂತುಕಂತಾಗಿ ನೋಡಿಕೊಂಡ ಮುಖವನ್ನು ಮನಸ್ಸಿನಲ್ಲಿ ಜೋಡಿಸಿಕೊಳ್ಳುತ್ತಿದ್ದೆ. ಜೋಡಿಸುವವನು ನಾನೇ ಆದ್ದರಿಂದ ಕೈ ಸಡಿಲ ಬಿಟ್ಟು ಚೆಂದ ಮಾಡಿಕೊಳ್ಳುತ್ತಿದ್ದೆ. ಈ ವರ್ಷ ನನ್ನ ಮುಖವನ್ನು ಪೂರ್ತಿಯಾಗಿ, ಒಂದೇ ಸಲಕ್ಕೆ, ಬಾಗಿಲಿನಷ್ಟು ದೊಡ್ಡದಾಗಿ ನೋಡುವ ಭಾಗ್ಯ ಬಂತು. ಅದರ ಸುದ್ದಿ ಕೇಳಿದವರು ಅತ್ತರು. ಆ ಕಥೆಯನ್ನೇ ಹೇಳಲು ಕೂತಿದ್ದೇನೆ.

ನಾನು ಓದಿದ್ದು ಮೂರನೆಯ ಇಯತ್ತೆ. ಬರೆಯುವಾಗ ನನ್ನ ಅಕ್ಷರಗಳು ದ್ರಾಕ್ಷಿ ಗೊನೆಯ ಹಾಗೆ ಗೆರೆಯಿಂದ ಕೆಳಗೆ ಜೋತು ಬೀಳುತ್ತವೆ. ಆದರೆ ಇಷ್ಟೊಂದು ಸಂತೋಷವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡರೆ ಅಜೀರ್ಣವಾದೀತೆಂದು ಬರೆಯುತ್ತಿದ್ದೇನೆ. ಸಂತೋಷಕ್ಕೆ ಕಾರಣ ನನ್ನ ಮೊಮ್ಮಗಳು ಕಾವೇರಿ. ನಮ್ಮ ತಿಕೋಟಾದಿಂದ ದಿನಾ ಬಸ್ಸು ಹತ್ತಿ ವಿಜಯಪುರಕ್ಕೆ ಹೋಗಿ ಚಿತ್ರಕಲೆ ಕಲಿಯುತ್ತಾಳೆ. "ಚಿತ್ರಾ ತಗಿಯೂದೂ ಒಂದು ಓದೇನೋ?" ಎಂದು ಓಣಿಯವರು ಕೇಳಿದಾಗ, "ಮೂರನೇ ಇಯತ್ತೆ ಕಲತಾಂವಗ ಎಲ್ಲಾ ಓದೂ ಒಂದ ನೋಡು" ಎಂದು ಹೇಳಿ ಮುಂದಕ್ಕೆ ನಡೆಯುತ್ತಿದ್ದೆ. ಒಳಗೊಳಗೆ ಮಾತ್ರ, ಈ ಹುಡುಗಿ ಏನಾದರೊಂದು ಮಾಡಿ ತೋರಿಸಲಿ ಎಂದು ಕಾಯುತ್ತಿದ್ದೆ.

ಅದಕ್ಕೆ ಸಮಯ ಕೂಡಿ ಬಂದದ್ದು ನಮ್ಮ ಪೇಟೆಗೆ ನೂರು ವರ್ಷ ತುಂಬಿದಾಗ. ಊರು ಎಷ್ಟು ಹಳೆಯದೋ ದೇವರಿಗೇ ಗೊತ್ತು. ಪೇಟೆಗೆ ಮಾತ್ರ ನೂರಾಯಿತೆಂದು ಹಿರಿಯರು ಕಟ್ಟೆಯ ಮೇಲೆ ಕೂತು ನಿಶ್ಚಯ ಮಾಡಿದರು. ಒಬ್ಬರು ಇನ್ನೂ ಎರಡು ವರ್ಷ ಬಾಕಿ ಇದೆ ಎಂದು ತಕರಾರು ತೆಗೆದರು. "ಎರಡು ವರ್ಷ ಮುಂಚೇನ ಮಾಡಿದ್ರ ಪೇಟಿ ಏನ್ ಒಲ್ಲೆ ಅಂತೈತೇನ್ರಿ? ಅಷ್ಟರಾಗ ನಾವ ಇರತೀವೋ ಇಲ್ಲೋ" ಎಂದು ಇನ್ನೊಬ್ಬರು ಅಂದಮೇಲೆ ಎಲ್ಲರಿಗೂ ಲೆಕ್ಕ ಸರಿ ಕಂಡಿತು. ಓಣಿಗೊಂದು ಕೆಲಸ ಹಂಚಿದರು. ಒಂದು ಓಣಿಯವರು ರಸ್ತೆಯ ಬದಿಗೆ ಬೇವಿನ ಸಸಿ ಹಚ್ಚಬೇಕು, ಇನ್ನೊಂದು ಓಣಿಯವರು ಹಳೆಯ ಬಾವಿಯ ಹೂಳು ತೆಗೆಯಬೇಕು. ನಮ್ಮ ಓಣಿಯ ಪಾಲಿಗೆ ಬಂದದ್ದು ಬಸ್ ನಿಲ್ದಾಣದ ಗೋಡೆ. ಗುಟ್ಕಾ ತಿನ್ನುವವರು ಸೊಂಟದ ಮಟ್ಟದವರೆಗೆ ಆಗಲೇ ಕೆಂಪು ಬಣ್ಣ ಬಳಿದಿದ್ದರು. ಉಳಿದದ್ದನ್ನು ನಾವು ಬಳಿಯಬೇಕಿತ್ತು. ಚಿತ್ರ ತೆಗೆಯುವವರು ಯಾರು ಎಂದಾಗ ಓಣಿಗೆ ಓಣಿಯೇ ನಮ್ಮ ಮನೆಯ ಕಡೆ ನೋಡಿತು. ನಾನು ಮೀಸೆ ತಿರುವಲಿಲ್ಲ, ಮುಟ್ಟಿಕೊಂಡೆ ಅಷ್ಟೇ.

ಪೇಟೆಗಾಗಿ ದುಡಿದ ಐದು ಜನರ ಮುಖ ತೆಗೆಯಬೇಕೆಂದು ಕಾವೇರಿ ಹೇಳಿದಳು. ಅರ್ಧ ಊರನ್ನು ಭೂಮಿಗೆ ತಂದ ಸೂಲಗಿತ್ತಿ, ಮನೆಮನೆಗೆ ಹೋಗಿ ಬಳೆ ತೊಡಿಸುತ್ತಿದ್ದ ಸಾಹೇಬರು, ಖಾನಾವಳಿ ನಡೆಸಿದ ಅಜ್ಜಿ, ಒಬ್ಬ ಪೈಲ್ವಾನ. ಐದನೆಯವನು ನಾನು. ಎಷ್ಟೋ ವರ್ಷ ಟಂಟಂ ಗಾಡಿಯಲ್ಲಿ ಒಣದ್ರಾಕ್ಷಿ ಡಬ್ಬಿಗಳನ್ನು ವಿಜಯಪುರಕ್ಕೆ ಒಯ್ದು, ಬರುವಾಗ ಗಾಂಧಿ ಚೌಕದಿಂದ ಇಲ್ಲಿನ ಅಂಗಡಿಗಳ ಸಾಮಾನು ತಂದವನು. "ಮುತ್ಯಾ, ಪೇಟಿ ಸಾಮಾನೆಲ್ಲಾ ನಿನ್ನ ಗಾಡ್ಯಾಗ ಬಂದೈತಿ. ನೀ ಇಲ್ಲದ ಗೋಡಿ ಹೆಂಗ ಆಗ್ತದ?" ಎಂದಳು. ದೊಡ್ಡವರಾದವರು ಮೂರು ಸಲ ಬೇಡವೆನ್ನಬೇಕು ಅನ್ನುತ್ತಾರೆ. ನಾನು ಒಂದು ಸಲ ಅಂದೆ, ಅದೂ ಅವಳಿಗೆ ಕೇಳಿಸದ ಹಾಗೆ.

ಚಿತ್ರ ಮುಗಿದ ದಿನ ನೋಡಲು ಹೋದೆ. ರುಮಾಲಿನ ಸುತ್ತು, ಮೀಸೆಯ ಬಿಳಿ ಕೂದಲು, ಬಿಸಿಲಿಗೆ ಕಿರಿದಾದ ಕಣ್ಣು, ಎಲ್ಲ ಇತ್ತು. ಎಡಗೆನ್ನೆಯ ನರೂಲಿಯನ್ನೂ ಬಿಟ್ಟಿರಲಿಲ್ಲ. "ಇದನ್ನರ ಬಿಡಬೇಕಿತ್ತಲ್ಲವಾ" ಎಂದೆ. "ಸಣ್ಣಾಕಿದ್ದಾಗ ಅದನ್ನ ಹಿಡ್ಕೊಂಡ ಮಲಗತಿದ್ನಿ ಮುತ್ಯಾ, ಹೆಂಗ ಬಿಡ್ಲಿ?" ಎಂದಳು. ಬಸ್ಸಿನ ಧೂಳು ಕಣ್ಣಿಗೆ ಬಿದ್ದವರ ಹಾಗೆ ನಾನು ಆ ಕಡೆ ತಿರುಗಿದೆ. ಆಗ ಯಾವ ಬಸ್ಸೂ ಬಂದಿರಲಿಲ್ಲ.

ಮರುದಿನ ಉದ್ಘಾಟನೆ. ಹಿರಿಯರು ಐದೂ ಚಿತ್ರಗಳಿಗೆ ಮೊಳೆ ಹೊಡೆಸಿ ಚೆಂಡು ಹೂವಿನ ಹಾರ ಹಾಕಿದರು. ಹಾರಗಳು ದಾರದಷ್ಟೇ ತೆಳ್ಳಗಿದ್ದವು. ಇದು ನಡೆಯುವುದೆಂದು ಗೊತ್ತಿದ್ದ ನಾನು ಮುಂಜಾನೆಯೇ ಗಾಂಧಿ ಚೌಕಕ್ಕೆ ಹೋಗಿ ತೋಳಿನಷ್ಟು ದಪ್ಪನೆಯದೊಂದನ್ನು ತಂದಿದ್ದೆ. ಅದನ್ನು ನನ್ನ ಚಿತ್ರಕ್ಕೆ ನಾನೇ ಕೈಯಾರೆ ಏರಿಸಿದೆ. ಆ ಹೊತ್ತಿಗೆ ಒಂದು ಸಣ್ಣ ಸಂಗತಿ ನನಗೆ ಹೊಳೆಯಲಿಲ್ಲ. ಗೋಡೆಯ ಮೇಲಿನ ಉಳಿದ ನಾಲ್ವರೂ ತೀರಿಹೋದವರು. ನಮ್ಮ ಕಡೆ ಹಾರ ಹಾಕಿದ ಪಟವೆಂದರೆ ಅರ್ಥ ಒಂದೇ, ಹಾರ ದಪ್ಪವಿದ್ದರೆ ತೀರಿಕೊಂಡು ಬಹಳ ಹೊತ್ತಾಗಿಲ್ಲ ಎಂದು. ಸಂಜೆ ಬಿಜ್ಜರಗಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಯಾರೋ ಇದನ್ನು ಕಂಡರು. ಬಿಜ್ಜರಗಿಯಲ್ಲಿ ನನ್ನ ಹಿರಿಯಕ್ಕ ಗೌರವ್ವ ಇದ್ದಾಳೆ.

ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೀಗರು ಬಳಗದವರು ಬುತ್ತಿ ಕಟ್ಟಿಕೊಂಡು ಬರುತ್ತಾರೆ, ರೊಟ್ಟಿ ಮತ್ತು ಒಗ್ಗರಣೆ ಹಾಕದ ಬೇಳೆ. ಹೆಣ್ಣುಮಕ್ಕಳು ಓಣಿಯ ತುದಿಯಿಂದಲೇ ತೀರಿದವರ ಗುಣ ಎತ್ತಿ ಆಡಿ ಅಳುತ್ತ ಬರುತ್ತಾರೆ. ಮಾರನೆಯ ಮುಂಜಾನೆ ನಾನು ಹಿತ್ತಲಲ್ಲಿ ಜಳಕ ಮಾಡುತ್ತಿದ್ದಾಗ ಅಂಥ ಅಳು ಕೇಳಿಸಿತು. ನನ್ನ ಹೆಂಡತಿ ಶಾಂತವ್ವ ಹಿಟ್ಟು ಬೀಸಿಸಲು ಗಿರಣಿಗೆ ಹೋಗಿದ್ದಳು, ಕಾವೇರಿ ನೀರಿಗೆ ಹೋಗಿದ್ದಳು. "ರಾಜನಂಥಾ ತಮ್ಮಾ, ಬಂಗಾರದಂಥಾ ಮನಸಿನಾಂವ, ಹಬ್ಬಾ ಬಂತಂದ್ರ ಗಾಡಿ ತಂದು ಬಾಗಲದಾಗ ನಿಲ್ಲಸ್ತಿದ್ಯಲ್ಲೋ, ಒಂದಿನಾ ನನಗ ಎದುರು ಮಾತಾಡ್ಲಿಲ್ಲಲ್ಲೋ." ಪಾಪ, ಯಾರೋ ಬಹಳ ಒಳ್ಳೆಯವನು ಹೋದನಲ್ಲ ಎಂದು ನನಗೂ ಮನಸ್ಸು ಕರಗಿತು. ಆಮೇಲೆ ದನಿ ಗುರುತು ಸಿಕ್ಕಿತು. ನ್ಯಾಯವಾಗಿ ಆ ಕ್ಷಣವೇ ಓಡಿ ಹೊರಗೆ ಬರಬೇಕಿತ್ತು. ಆದರೆ ನೀವೇ ಹೇಳಿ, ಅರವತ್ತು ವರ್ಷ ನನ್ನನ್ನು ಮಬ್ಬ ಎಂದು ಕರೆದವಳ ಬಾಯಿಂದ ಇಂಥ ಮಾತು ಮತ್ತೆ ಯಾವಾಗ ಕೇಳಿಸೀತು? ತಂಬಿಗೆ ಹಿಡಿದುಕೊಂಡೇ ಇನ್ನಷ್ಟು ಕೇಳಿದೆ. ಅಳು ಪಡಸಾಲೆಗೆ ಬಂದಾಗ ಒದ್ದೆ ಟವೆಲ್ಲಿನಲ್ಲಿ, ಕಿವಿಗೆ ಸಾಬೂನಿನ ನೊರೆ ಹತ್ತಿಸಿಕೊಂಡು ಎದುರಿಗೆ ಹೋಗಿ ನಿಂತೆ.

ಅಕ್ಕ ಬಾಯಿ ತೆರೆದಿದ್ದವಳು ಹಾಗೇ ನಿಂತಳು. ತಲೆಯ ಮೇಲೆ ಬುತ್ತಿಯ ಬುಟ್ಟಿ. "ಸತ್ತಿಲ್ಲೇನೋ?"

"ಇಲ್ಲ ಬೇ ಅಕ್ಕಾ."

"ಮತ್ತ ಒಂದ ಮಾತು ಹೇಳಿ ಕಳಸ್ಬಾರದೇನು?"

"ಸತ್ತಿಲ್ಲಂತ ಯಾರರ ಹೇಳಿ ಕಳಸ್ತಾರೇನ ಬೇ?"

ಅಕ್ಕ ನನ್ನ ತೋಳನ್ನು ಗಟ್ಟಿಯಾಗಿ ಹಿಸುಕಿ ನೋಡಿದಳು. ಕಣ್ಣು ಒರೆಸಿಕೊಂಡಳು. ಆಮೇಲೆ ಹುಬ್ಬು ಗಂಟು ಹಾಕಿ, "ನಾ ಅಂದದ್ದೆಲ್ಲಾ ಕೇಳಿದೇನು?" ಎಂದಳು.

"ಒಂದೆರಡು ಕಿವಿಗಿ ಬಿದ್ದುವು."

"ಅವು ಸತ್ತ ತಮ್ಮಗ ಅಂದದ್ದು. ನಿನಗಲ್ಲ, ಮಬ್ಬಾ."

ಅಷ್ಟರಲ್ಲಿ ಶಾಂತವ್ವ ಗಿರಣಿಯಿಂದ ಬಂದಳು. ಜೀವಂತ ಗಂಡನಿರುವ ಮನೆಗೆ ಸಾವಿನ ಬುತ್ತಿ ಬಂದದ್ದನ್ನು ಕಂಡು ಮುಖ ಹಿಟ್ಟಿಗಿಂತ ಬೆಳ್ಳಗಾಯಿತು. ಒಳಗೆ ತಗೊಳ್ಳುವಂತಿಲ್ಲ, ತಂದವರು ತಿರುಗಿ ಒಯ್ಯುವಂತೆಯೂ ಇಲ್ಲ. "ಬರೇ ಹಾರ ತಗದ್ರ ಸಾಲೂದಿಲ್ಲ, ಸತ್ತವರ ಸಾಲಿನ್ಯಾಗ ಐತಿ, ಆ ಗೋಡಿ ಮ್ಯಾಗಿನ ಮಾರಿ ಇವತ್ತ ಸಂಜಿಯೊಳಗ ಅಳಸ್ಬೇಕು. ನನ್ನ ಕುಂಕುಮದ ಮ್ಯಾಲ ನಿಮ್ಮ ನೂರು ವರ್ಷ ಬ್ಯಾಡ" ಎಂದಳು. ಆಗಲೇ ಕೊಡ ಹೊತ್ತು ಒಳಗೆ ಬಂದ ಕಾವೇರಿ ಎಲ್ಲ ಕೇಳಿಸಿಕೊಂಡಳು. ಕೊಡ ಇಳಿಸಿದಳು, ಮೂಲೆಯಲ್ಲಿದ್ದ ಬಿಳಿ ಬಣ್ಣದ ಡಬ್ಬಿ ಎತ್ತಿಕೊಂಡಳು. ಅವಳ ಜೀವನದ ಮೊದಲನೆಯ ಗೋಡೆ ಅದು. ನನ್ನ ಸಾವಿನ ಸುದ್ದಿಗೆ ಬಾರದ ಸಂಕಟ ಆ ಡಬ್ಬಿ ನೋಡಿ ಬಂತು.

ಅಕ್ಕನೇ ಅಡ್ಡ ಬಂದಳು. "ತಡಿ ಬೇ ಹುಡುಗಿ. ಶಾಂತಾ, ಮೊದಲ ಒಂದು ಒಗ್ಗರಣಿ ಹಾಕು. ಒಗ್ಗರಣಿ ಬಿದ್ದ ಬ್ಯಾಳಿ ಸೂತಕದ್ದಲ್ಲ, ಹಬ್ಬದ್ದು" ಎಂದಳು. ಶಾಂತವ್ವ ಅನುಮಾನದಿಂದಲೇ ಬೆಳ್ಳುಳ್ಳಿ ಜಜ್ಜಿ, ಸಾಸಿವೆ ಸಿಡಿಸಿ, ಚುರ್ ಅನ್ನಿಸಿದಳು. ಆ ಸಪ್ಪಳಕ್ಕೆ ಮನೆ ಉಸಿರಾಡಿತು. ಪಡಸಾಲೆಯಲ್ಲಿ ಸಾಲಾಗಿ ಕೂತು ನನ್ನ ಸಾವಿನ ಊಟವನ್ನು ನಾನೇ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

"ಸುಳ್ಳು ಸಾವಿನ ಸುದ್ದಿ ಹಬ್ಬಿದ್ರ ಆಯುಷ್ಯ ಹೆಚ್ಚತೈತಿ ಅಂತಾರ" ಎಂದಳು ಅಕ್ಕ.

ಶಾಂತವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ದಿನಾ ಬಸ್ಸಿನ್ಯಾಗಿಂದ ಒಬ್ಬರಲ್ಲಾ ಒಬ್ಬರು ನೋಡ್ತಾರ. ದಿನಾ ಸುದ್ದಿ ಹಬ್ಬತೈತಿ. ಹಂಗಾದ್ರ ಇವರು ಸಾಯೂದ ಇಲ್ಲೇನ್ರಿ ಅಕ್ಕಾರ?" ಆ ಪ್ರಶ್ನೆಯಲ್ಲಿ ಸಂತೋಷ ಎಷ್ಟಿತ್ತು ಎಂದು ನಾನು ಅಳೆಯಲು ಹೋಗಲಿಲ್ಲ.

ಕಾವೇರಿ ಅಷ್ಟೂ ಹೊತ್ತು ತನ್ನ ಅಜ್ಜಿಯ ಹಣೆಯನ್ನೇ ನೋಡುತ್ತಿದ್ದಳು. "ಆಯೀ, ನಿನ್ನೂ ಮುತ್ಯಾನ ಬಾಜೂಕ ತಗೀತೀನಿ. ಹಣಿ ತುಂಬ ಕುಂಕುಮ, ಕೈ ತುಂಬ ಹಸರ ಬಳಿ. ಅದನ್ನ ನೋಡಿ ಮುತ್ಯಾ ಇಲ್ಲ ಅಂತ ಯಾರ ಅಂತಾರ?"

"ಬಸ್ ಸ್ಟ್ಯಾಂಡಿನ್ಯಾಗ ನನ್ನ ಮಾರೀನಾ? ನಾಚಿಕಿಲ್ಲೇನ ನಿನಗ?" ಎಂದು ಶಾಂತವ್ವ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದ ಟ್ರಂಕು ತೆರೆದ ಸಪ್ಪಳ ಬಂತು. ಸ್ವಲ್ಪ ಹೊತ್ತಾದ ಮೇಲೆ ದನಿಯೂ ಬಂತು: "ಇಳಕಲ್ ಸೀರಿ ಉಟ್ಕೊಳ್ಳಲೊ, ಸಾದಾದ್ದ ಸಾಕೊ?"

ಆದರೆ ಗೋಡೆಯ ಮೇಲೆ ಜಾಗ ಇರಲಿಲ್ಲ. ನನ್ನ ಎಡಕ್ಕೆ ಪೈಲ್ವಾನ, ಅವನನ್ನು ಸರಿಸುವ ಧೈರ್ಯ ಚಿತ್ರದಲ್ಲೂ ಯಾರಿಗೂ ಇಲ್ಲ. ಬಲಕ್ಕೆ ಮೂಲೆ. ಕಾವೇರಿ ಬಹಳ ನಾಜೂಕಾಗಿ ನನ್ನದೊಂದು ಭುಜ, ಒಂದು ಕಿವಿ ಮತ್ತು ಮೀಸೆಯ ಬಲಗಡೆಯನ್ನು ಅಳಿಸಿ ಅಲ್ಲಿ ಆಯಿಯನ್ನು ಕೂಡಿಸಿದಳು. ಕೆಂಪು ಸೆರಗು, ರೂಪಾಯಿ ಅಗಲದ ಕುಂಕುಮ, ಮೊಣಕೈವರೆಗೆ ಬಳೆ. ಈಗ ಬಸ್ಸಿಗೆ ಕಾಯುವ ಹೆಣ್ಣುಮಕ್ಕಳೆಲ್ಲ ಅವಳ ಮುಂದೆಯೇ ನಿಲ್ಲುತ್ತಾರೆ. ಗುಟ್ಕಾದವರು ಕೂಡ ಅವಳನ್ನು ಕಂಡು ಉಗುಳನ್ನು ಬಾಯಲ್ಲೇ ಇಟ್ಟುಕೊಂಡು ಆಚೆ ಹೋಗುತ್ತಾರೆ. ಶಾಂತವ್ವನಿಗೂ ದಿನಾ ಪೇಟೆಯಲ್ಲಿ ಏನಾದರೊಂದು ಕೆಲಸ ಬೀಳತೊಡಗಿದೆ, ಹೋಗುವ ದಾರಿ ಬಸ್ ನಿಲ್ದಾಣದ ಮೇಲೆಯೇ.

ಮೊನ್ನೆ ನಾನು ಗೋಡೆಯ ಕೆಳಗಿನ ಬೆಂಚಿನ ಮೇಲೆ, ಯಾರಾದರೂ ಗುರುತು ಹಿಡಿದಾರೆಂದು ಮುಖ ಸ್ವಲ್ಪ ಮೇಲಕ್ಕೆ ಮಾಡಿ ಕೂತಿದ್ದೆ. ಬಬಲೇಶ್ವರ ಕಡೆಯ ಹೆಣ್ಣುಮಗಳೊಬ್ಬಳು ಚಿತ್ರವನ್ನು ಬಹಳ ಹೊತ್ತು ನೋಡಿ ನನ್ನನ್ನೇ ಕೇಳಿದಳು: "ಈ ಅವ್ವ ಎಷ್ಟ ಲಕ್ಷಣ ಅದಾಳ ನೋಡ್ರಿ. ಆಕಿ ಹಿಂದ ನಿಂತಾರಲ್ಲ ಮುದುಕರು, ಅವರು ಆಕಿ ಮಾವ ಏನ್ರಿ?"

ಪಕ್ಕದಲ್ಲಿ ಚಿತ್ರ ತಿದ್ದಿ ಬಣ್ಣದ ಕೈ ಒರೆಸಿಕೊಳ್ಳುತ್ತಿದ್ದ ಕಾವೇರಿ ಸೆರಗಿಲ್ಲದ ಕಾರಣ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡಳು. ಇಷ್ಟು ಚೆಂದ ಚಿತ್ರ ತೆಗೆದವಳು ಯಾರು ಎಂದು ಆ ತಾಯಿ ಕೇಳಬಹುದೆಂದು ನಾನು ಕಾದೆ. ಕೇಳಲಿಲ್ಲ, ಬಸ್ಸು ಬಂತು. ಕಿಟಕಿಯ ಹತ್ತಿರ ಓಡಿಹೋಗಿ ನಾನೇ ಹೇಳಿದೆ: "ಹೌದ್ರಿ, ಮಾವಾರ. ಆದ್ರ ಇಬ್ಬರನ್ನೂ ತಗದಾಕಿ ನನ್ನ ಮೊಮ್ಮಗಳು."